ಮಾಲ್ಗುಡಿಯ ಗೆರೆಗಾರ

ಆಗುಂಬೆಯ ದೊಡ್ಡಮನೆ ಎಲ್ಲರಿಗೂ ಗೊತ್ತು. ಸ್ವಾಮಿ ಗೊತ್ತು, ಶಂಕರ್‌ನಾಗ್ ಗೊತ್ತು. ಆ ಊರನ್ನು ಕುಂಚದ ತುದಿಯಲ್ಲಿ ಮೊದಲು ಕಟ್ಟಿದ ಕೈ ಯಾರದ್ದು? ಕಲಾಶಾಲೆ ‘ಬೇಡ’ ಎಂದು ವಾಪಸು ಕಳಿಸಿದ ಮೈಸೂರಿನ ಹುಡುಗನೊಬ್ಬ ಅರ್ಧ ಶತಮಾನ ದೇಶವನ್ನು ನಗಿಸಿದ ಕಥೆ, ನಮ್ಮ ಕೊಪ್ಪ ಸೀಮೆಯ ಮೇಗುಂದದ ಜಗಲಿಯಿಂದ. ಅಕ್ಟೋಬರ್ 24 ಆರ್.ಕೆ. ಲಕ್ಷ್ಮಣ್ ಹುಟ್ಟಿದ ದಿನ.

ಚಿತ್ತಾ ಮಳೆ ಒಂದು ಹದ ಹೊಡೆದು ಬಿಟ್ಟಿದೆ. ಆಗುಂಬೆ ಸರ್ಕಲ್ಲಿನ ಹಂಚಿನ ಮಾಡುಗಳಿಂದ ನೀರು ಇನ್ನೂ ತೊಟ್ಟಿಕ್ಕುತ್ತಿದೆ. ರಸ್ತೆಯ ಮೇಲೆ ಮಂಜು ಎದ್ದು ಓಡಾಡುತ್ತಿದೆ. ಶೃಂಗೇರಿ ಕಡೆಯಿಂದ ಬಂದ ಬಸ್ಸು ಬೆನ್ನಿಗೆ ಚೀಲ ಏರಿಸಿಕೊಂಡ ನಾಲ್ಕು ಹುಡುಗರನ್ನು ಇಳಿಸಿ ಮುಂದೆ ಹೋಗುತ್ತದೆ.

“ಅಣ್ಣಾ, ಮಾಲ್ಗುಡಿ ಮನೆ ಎಲ್ಲಿ?”

ಗೂಡಂಗಡಿಯವರು ತಲೆ ಎತ್ತುವುದೂ ಇಲ್ಲ. ಕೇಳಿ ಕೇಳಿ ಹಳೆಯದಾದ ಪ್ರಶ್ನೆ. “ದೊಡ್ಡಮನೆಯಾ? ಹೀಗೇ ಹೋಗಿ ಮಾರಾಯ್ರೆ, ಅಲ್ಲೇ ಸಿಗ್ತದೆ. ಉಂಬಳ ನೋಡ್ಕೊಳ್ಳಿ.”

ಒಬ್ಬ ಆಗಲೇ ಆ ರಾಗವನ್ನು ಸಿಳ್ಳೆಯಲ್ಲಿ ಎತ್ತಿಕೊಂಡಿದ್ದಾನೆ. ಎಲ್. ವೈದ್ಯನಾಥನ್ ಮಾಡಿದ ರಾಗ ಅದು. ‘ಮಾಲ್ಗುಡಿ ಡೇಸ್’ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ಈ ಹುಡುಗ ಹುಟ್ಟಿಯೇ ಇರಲಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ನಮಗೆ ಆಗುಂಬೆ ಕಾಗದಪತ್ರದಲ್ಲಿ ಬೇರೆ ತಾಲ್ಲೂಕು, ಬೇರೆ ಜಿಲ್ಲೆ. ಮಳೆಗೆ, ಮದುವೆಗೆ, ಅಡಿಕೆ ಕೊಳೆರೋಗಕ್ಕೆ ಆ ಗಡಿ ಗೊತ್ತಿಲ್ಲ. ಹಾಗಾಗಿ ಮಾಲ್ಗುಡಿ ನಮ್ಮದೂ ಹೌದು ಎಂದು ಹೇಳಿಕೊಳ್ಳುವ ಹಕ್ಕು ಮೇಗುಂದದವರಿಗೆ ಧಾರಾಳವಾಗಿದೆ.

ಆ ಹುಡುಗರನ್ನು ಅಲ್ಲೇ ತಡೆದು ಕೇಳಿ: ಮಾಲ್ಗುಡಿ ಅಂದರೆ ಯಾರು ನೆನಪಾಗುತ್ತಾರೆ? ಕಥೆ ಬರೆದ ಆರ್.ಕೆ. ನಾರಾಯಣ್ ಅನ್ನುತ್ತಾರೆ. ತೆರೆಗೆ ತಂದ ಶಂಕರ್‌ನಾಗ್ ಅನ್ನುತ್ತಾರೆ. ಸ್ವಾಮಿಯಾದ ಮಾಸ್ಟರ್ ಮಂಜುನಾಥ್ ಅನ್ನುತ್ತಾರೆ. ಆದರೆ ಪ್ರತಿ ಕಂತೂ ಶುರುವಾಗುತ್ತಿದ್ದದ್ದು ರೇಖಾಚಿತ್ರಗಳಿಂದ. ಕಪ್ಪು ಶಾಯಿಯ ಕೆಲವು ಗೆರೆ, ಅದರಲ್ಲಿ ಒಂದು ಊರು, ಊರಿನ ಜನ. ಆ ಗೆರೆ ಎಳೆದವರು ನಾರಾಯಣ್ ಅವರ ಕಿರಿಯ ತಮ್ಮ ಲಕ್ಷ್ಮಣ್.

ಲಕ್ಷ್ಮಣ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಮುಂಬಯಿ, ಟೈಮ್ಸ್ ಆಫ್ ಇಂಡಿಯಾ, ಚೌಕುಳಿ ಕೋಟಿನ ಶ್ರೀಸಾಮಾನ್ಯ. ಅದು ಅವರ ಅರ್ಧ ಭಾಗ. ಕಥೆಗೆ ಚಿತ್ರ ಬರೆಯುವ ಇನ್ನೊಬ್ಬ ಲಕ್ಷ್ಮಣ್ ಅದಕ್ಕೂ ಮೊದಲಿನವರು. ನನ್ನ ಮಟ್ಟಿಗೆ ಹೆಚ್ಚು ದಿನ ಬಾಳುವವರೂ ಅವರೇ.

ಅರಳಿ ಎಲೆ

1921ರ ಅಕ್ಟೋಬರ್ 24. ಮೈಸೂರು. ಶಾಲೆಯ ಹೆಡ್‌ಮಾಸ್ತರರ ಮನೆಯಲ್ಲಿ ಕೊನೆಯ ಗಂಡುಮಗು ಹುಟ್ಟಿತು. ಮನೆಮಾತು ತಮಿಳು, ಬೀದಿಮಾತು ಕನ್ನಡ, ಕಪಾಟಿನ ಮಾತು ಇಂಗ್ಲಿಷ್. ಮನೆಗೆ ಸ್ಟ್ರ್ಯಾಂಡ್, ಪಂಚ್, ಬೈಸ್ಟ್ಯಾಂಡರ್ ಥರದ ವಿಲಾಯಿತಿ ಪತ್ರಿಕೆಗಳು ಬರುತ್ತಿದ್ದವು. ಅಕ್ಷರ ಕಲಿಯುವ ಮುಂಚೆಯೇ ಹುಡುಗ ಅವುಗಳ ಚಿತ್ರಗಳ ಮೇಲೆ ಬೋರಲು ಬಿದ್ದಿರುತ್ತಿದ್ದ.

ಆಮೇಲೆ ನೆಲ, ಗೋಡೆ, ಬಾಗಿಲು ಯಾವುದೂ ಉಳಿಯಲಿಲ್ಲ. ಶಾಲೆಗೆ ಹೋದ ಮೇಲೆ ಮೇಷ್ಟ್ರುಗಳ ಮುಖವೂ ಉಳಿಯಲಿಲ್ಲ. ಒಮ್ಮೆ ತರಗತಿಯಲ್ಲಿ ಎಲೆಯ ಚಿತ್ರ ಬರೆಯಲು ಹೇಳಿದಾಗ ಇವನು ಅರಳಿ ಎಲೆ ಬರೆದ. ಮೇಷ್ಟ್ರು ಅದನ್ನು ಹೊಗಳಿದರು. ತಾನು ಚಿತ್ರಗಾರನಾಗಬಹುದು ಎಂಬ ಯೋಚನೆ ಅಂದು ತಲೆಗೆ ಹೊಕ್ಕಿತು ಎಂದು ಲಕ್ಷ್ಮಣ್ ಮುಂದೆ ಆತ್ಮಕಥೆಯಲ್ಲಿ ಬರೆದುಕೊಂಡರು.

ಗುರುವೊಬ್ಬ ಬಹಳ ದೂರದಲ್ಲಿದ್ದ. ಲಂಡನ್ನಿನ ಡೇವಿಡ್ ಲೋ ಬರೆದ ರಾಜಕೀಯ ವ್ಯಂಗ್ಯಚಿತ್ರಗಳು ಮದ್ರಾಸಿನ ‘ದಿ ಹಿಂದೂ’ ಪತ್ರಿಕೆಯಲ್ಲಿ ಬರುತ್ತಿದ್ದವು. ಸಹಿಯ ಮೊದಲ ಅಕ್ಷರ ಸರಿಯಾಗಿ ಕಾಣದೆ, ಬಹಳ ಕಾಲ ಅದನ್ನು ‘ಕೌ’ ಎಂದೇ ಓದಿಕೊಂಡಿದ್ದನಂತೆ ಹುಡುಗ. ದನದ ಹೆಸರಿನ ಚಿತ್ರಗಾರನನ್ನು ಗುರುವೆಂದು ಒಪ್ಪಿಕೊಳ್ಳಲು ಅವನಿಗೇನೂ ತಕರಾರಿರಲಿಲ್ಲ!

ಬೀದಿಯ ಕ್ರಿಕೆಟ್ ತಂಡಕ್ಕೂ ಇವನೇ ಕ್ಯಾಪ್ಟನ್. ತಂಡದ ಹೆಸರು ‘ರಫ್ ಅಂಡ್ ಟಫ್ ಅಂಡ್ ಜಾಲಿ’. ಈ ಕಿತಾಪತಿಗಳನ್ನೆಲ್ಲ ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಣ್ಣ ನಾರಾಯಣ್ ಅವನ್ನು ಕಥೆ ಮಾಡಿದರು. ‘ದೋಡು’ ಎಂಬ ದುಡ್ಡು ಮಾಡುವ ಹುಡುಗನ ಕಥೆಗೂ ಕ್ರಿಕೆಟ್ ಕ್ಲಬ್ಬಿನ ಕಥೆಗೂ ಮೂಲ ಈ ತಮ್ಮನೇ. ತಮ್ಮ ಕಥೆಯೊಳಗೆ ಹೋದದ್ದು ಮೊದಲು, ಕಥೆಗೆ ಚಿತ್ರ ಬರೆದದ್ದು ಆಮೇಲೆ.

ಹೈಸ್ಕೂಲು ಮುಗಿಸಿದ ಲಕ್ಷ್ಮಣ್ ಬೊಂಬಾಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ಚಿತ್ರಗಳನ್ನೂ ಕಳಿಸಿದರು. ನಮ್ಮಲ್ಲಿ ಸೇರಲು ಬೇಕಾದಷ್ಟು ಪ್ರತಿಭೆ ಇವುಗಳಲ್ಲಿ ಕಾಣಲಿಲ್ಲ ಎಂಬ ಉತ್ತರ ಬಂತು.

ಈ ಪತ್ರದ ಕಥೆಯನ್ನು ಲಕ್ಷ್ಮಣ್ ಜೀವನಪೂರ್ತಿ ಖುಷಿಯಿಂದ ಹೇಳಿಕೊಂಡು ತಿರುಗಿದರು. ಹೆಸರಾದ ಮೇಲೆ ಅದೇ ಶಾಲೆ ಅವರನ್ನು ಅತಿಥಿಯಾಗಿ ಕರೆಯಿತು. ಅಂದು ನೀವು ನನ್ನನ್ನು ಸೇರಿಸಿಕೊಂಡಿದ್ದರೆ ಇಂದು ಎಲ್ಲೋ ಜಾಹೀರಾತು ಕಂಪನಿಯಲ್ಲಿರುತ್ತಿದ್ದೆ ಎಂಬ ಅರ್ಥದ ಮಾತನ್ನು ಅಲ್ಲಿ ಆಡಿ ಬಂದರು.

ಕಲಾಶಾಲೆ ಬೇಡವೆಂದ ಮೇಲೆ ಸೇರಿದ್ದು ಮೈಸೂರಿನ ಮಹಾರಾಜ ಕಾಲೇಜು. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಓದಿ, ಪಾಠ ಹೇಳಿದ ಕಾಲೇಜು ಅದು. ಪದವಿಗೆ ಓದುತ್ತಲೇ ಲಕ್ಷ್ಮಣ್ ಪುಸ್ತಕ ಹಿಡಿದು ಮಾರುಕಟ್ಟೆಯ ಚೌಕದಲ್ಲಿ ಕೂರುತ್ತಿದ್ದರು. ಜಟಕಾ, ಜಟಕಾದ ಬಡಕಲು ಕುದುರೆ, ಹೂವಿನವಳು, ಕಂಬಕ್ಕೆ ಒರಗಿ ನಿದ್ದೆ ಹೊಡೆಯುವವನು. ಮಾಲ್ಗುಡಿಯ ಜನಗಣತಿ ಅಲ್ಲೇ ನಡೆಯಿತೆನ್ನಬೇಕು.

ಕೊರವಂಜಿಯ ಅಂಗಳ

ಬೆಂಗಳೂರಿನ ವೈದ್ಯರೊಬ್ಬರಿಗೆ ಕನ್ನಡಿಗರು ನಗುವುದು ಕಮ್ಮಿಯಾಯಿತು ಅನ್ನಿಸಿತೋ ಏನೋ. ಡಾ. ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಹೊರಡಿಸಿದರು. ಅದು ಇಪ್ಪತ್ತೈದು ವರ್ಷ ನಡೆಯಿತು.

ಇನ್ನೂ ಕಾಲೇಜು ಹುಡುಗನಾಗಿದ್ದ ಲಕ್ಷ್ಮಣ್ ಕೈಗೆ ರಾಶಿ ಕೆಲಸ ಕೊಟ್ಟರು. ಪತ್ರಿಕೆಯ ಪುಟಗಳಲ್ಲಿ ಲಕ್ಷ್ಮಣ್ ವ್ಯಂಗ್ಯಚಿತ್ರಗಳು ಬಂದವು. ಮುಂಬಯಿಯ ದೊಡ್ಡ ಪತ್ರಿಕೆಗಳು ಈ ಕೈಯನ್ನು ಗುರುತಿಸುವ ಮೊದಲು ಕನ್ನಡದ ಸಣ್ಣ ಪತ್ರಿಕೆಯೊಂದು ಅದಕ್ಕೆ ಜಾಗ ಕೊಟ್ಟಿತ್ತು. ಮುಂಬಯಿಯ ಲಕ್ಷ್ಮಣ್ ಬಗ್ಗೆ ಬರೆಯುವವರು ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಕನ್ನಡದವರು ಹಾಗೆ ದಾಟಬಾರದು.

ಇದೇ ಹೊತ್ತಿಗೆ ಅಣ್ಣನ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆಯುವ ಕೆಲಸವೂ ಸಿಕ್ಕಿತು. ನಾರಾಯಣ್ 1942ರಲ್ಲಿ ಮೈಸೂರಿನಲ್ಲಿ ‘ಇಂಡಿಯನ್ ಥಾಟ್’ ಎಂಬ ಸ್ವಂತ ಪ್ರಕಾಶನ ಶುರುಮಾಡಿದರು. ‘ಮಾಲ್ಗುಡಿ ಡೇಸ್’ ಸಂಕಲನ 1943ರಲ್ಲಿ ಹೊರಬಂತು. ಬರೆಯುವವನು ಅಣ್ಣ, ಚಿತ್ರಿಸುವವನು ತಮ್ಮ, ಅಚ್ಚು ಹಾಕಿಸುವುದೂ ಮನೆಯವರೇ. ಒಂದು ಒಟ್ಟು ಕುಟುಂಬದ ಕಸುಬು.

ನಾರಾಯಣ್ ವರ್ಣನೆಯಲ್ಲಿ ಜಿಪುಣ. ಮಾಲ್ಗುಡಿಯ ಬೀದಿ ಹೇಗಿದೆ, ಮನೆಯ ಕಂಬ ಎಂಥದ್ದು ಎಂದು ಪುಟಗಟ್ಟಲೆ ಹೇಳುವವರಲ್ಲ. ಒಂದು ಹೆಸರು ಹೇಳುತ್ತಾರೆ, ಒಂದು ಜಗಳ ಹಚ್ಚುತ್ತಾರೆ, ಮುಂದೆ ನಡೆಯುತ್ತಾರೆ. ಬಿಟ್ಟ ಜಾಗವನ್ನೆಲ್ಲ ತಮ್ಮ ತುಂಬಿದರು. ಕಬೀರ್ ಬೀದಿಯ ಮನೆಗಳಿಗೆ ಮಾಡು ಹೊದಿಸಿದವರು, ಮರಕ್ಕೆ ನೆರಳು ಕೊಟ್ಟವರು ಇವರು. ಕಥೆ ಓದಿದವರ ಕಣ್ಣಿಗೆ ಮಾಲ್ಗುಡಿ ಯಾವ ಆಕಾರದಲ್ಲಿ ಬರುತ್ತದೋ ಅದರಲ್ಲಿ ಅರ್ಧಕ್ಕೆ ಮೇಲ್ಪಟ್ಟು ಲಕ್ಷ್ಮಣ್ ಪಾಲಿದೆ.

ಪೆಟ್ಟಿಗೆ: ಗಟ್ಟು
*ಹಣೆಯ ಮೇಲೆ ಕೂದಲು ಇಳಿಬಿಟ್ಟು, ಒಂದು ಕೈಯಲ್ಲಿ ಬ್ರಷ್, ಇನ್ನೊಂದರಲ್ಲಿ ಬಣ್ಣದ ಡಬ್ಬ ಹಿಡಿದು ನಿಂತ ತುಂಟ ಹುಡುಗನನ್ನು ಹಳೆಯ ಹಾರ್ಡ್‌ವೇರ್ ಅಂಗಡಿಗಳ ಬೋರ್ಡಿನಲ್ಲಿ ನೋಡಿದವರು ಕೊಪ್ಪ ಪೇಟೆಯಲ್ಲೂ ಇದ್ದಾರೆ. ಏಷ್ಯನ್ ಪೇಂಟ್ಸ್ ಕಂಪನಿಗಾಗಿ 1954ರಲ್ಲಿ ಅವನನ್ನು ಬರೆದವರು ಲಕ್ಷ್ಮಣ್. ಹೆಸರು ಗಟ್ಟು. ವ್ಯಂಗ್ಯಚಿತ್ರ ಎಂದರೇನೆಂದು ಗೊತ್ತಿಲ್ಲದ ಊರುಗಳಿಗೂ ಅವನು ಹೋಗಿ ನಿಂತಿದ್ದ.*

ಗುಂಪು ಕರಗಿ ಒಬ್ಬ ಉಳಿದ

ಪದವಿ ಮುಗಿಯಿತು. ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ ಒಂದಿಷ್ಟು ದಿನ ನಾರದನ ಆನಿಮೇಷನ್ ಚಿತ್ರಕ್ಕೆ ಕೆಲಸ. ಆಮೇಲೆ ಬೊಂಬಾಯಿ. ಮೊದಲ ಪೂರ್ಣಾವಧಿ ನೌಕರಿ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ. ಅಲ್ಲಿದ್ದ ಇನ್ನೊಬ್ಬ ವ್ಯಂಗ್ಯಚಿತ್ರಕಾರನ ಹೆಸರು ಬಾಳ್ ಠಾಕ್ರೆ. ಒಬ್ಬರು ಮುಂದೆ ಪಕ್ಷ ಕಟ್ಟಿದರು, ಇನ್ನೊಬ್ಬರು ಎಲ್ಲ ಪಕ್ಷಗಳನ್ನೂ ಗೇಲಿ ಮಾಡಿದರು.

1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿದ ಲಕ್ಷ್ಮಣ್ ಅರ್ಧ ಶತಮಾನ ಅಲ್ಲೇ ಉಳಿದರು. ‘ಯು ಸೆಡ್ ಇಟ್’ ಎಂಬ ಒಂದೇ ಚೌಕದ ದಿನನಿತ್ಯದ ಚಿತ್ರ 1951ರಲ್ಲಿ ಆರಂಭ.

ಶ್ರೀಸಾಮಾನ್ಯ ಹುಟ್ಟಿದ ರೀತಿ ಸ್ವಾರಸ್ಯವಾಗಿದೆ. ಭಾರತವನ್ನು ತೋರಿಸಬೇಕಾದರೆ ಬಂಗಾಳಿ, ಪಂಜಾಬಿ, ತಮಿಳ, ಗುಜರಾತಿ ಎಲ್ಲರೂ ಬರಬೇಕಲ್ಲ? ಆರಂಭದಲ್ಲಿ ಲಕ್ಷ್ಮಣ್ ಚಿತ್ರದ ಹಿನ್ನೆಲೆಯಲ್ಲಿ ಇಡೀ ಸಂತೆಯನ್ನೇ ಬರೆಯುತ್ತಿದ್ದರು. ಆದರೆ ಸಂಜೆಯೊಳಗೆ ಚಿತ್ರ ಅಚ್ಚಿಗೆ ಹೋಗಬೇಕು. ಹೊತ್ತು ಸಾಲದೆ ಗುಂಪಿನಲ್ಲಿ ಒಬ್ಬೊಬ್ಬರನ್ನೇ ಕೈಬಿಟ್ಟರು. ಕೊನೆಗೆ ಒಬ್ಬ ಉಳಿದ. ಬೋಳುತಲೆಯ ಬದಿಯಲ್ಲಿ ನಾಲ್ಕು ಕೂದಲು, ಪೊದೆ ಮೀಸೆ, ಕನ್ನಡಕ, ಧೋತ್ರ, ಚೌಕುಳಿ ಕೋಟು. ಯಾವ ಪ್ರಾಂತದವನೆಂದು ಹೇಳಲಾಗದವನು.

ಅವನು ಮಾತಾಡುವುದಿಲ್ಲ. ಮಂತ್ರಿಯ ಭಾಷಣ, ಅಧಿಕಾರಿಯ ಸಬೂಬು, ಹೆಂಡತಿಯ ಗೊಣಗಾಟ ಎಲ್ಲಕ್ಕೂ ಅವನದು ಒಂದೇ ಮುಖ. ಲಕ್ಷ್ಮಣ್ ಗೆದ್ದದ್ದು ಆ ಮೌನದಲ್ಲಿ. ಬೈದಿದ್ದರೆ ರಾಜಕಾರಣಿ ತಿರುಗಿ ಬೈಯುತ್ತಿದ್ದ. ಸುಮ್ಮನೆ ನೋಡುವವನಿಗೆ ಯಾರು ಏನು ಹೇಳಲು ಸಾಧ್ಯ?

1962ರ ಚೀನಾ ಯುದ್ಧದ ನಂತರ ನೆಹರೂ ಅವರನ್ನು ಕುಟುಕಿದ ಚಿತ್ರವೊಂದು ಬಂತು. ಪ್ರಧಾನಿಯಿಂದಲೇ ಫೋನು. ಚಿತ್ರ ಚೆನ್ನಾಗಿದೆ, ಚೌಕಟ್ಟು ಹಾಕಿಸಿಡಲು ಸಹಿ ಮಾಡಿದ ದೊಡ್ಡ ಪ್ರತಿ ಬೇಕು ಎಂದು ಕೇಳಿದರಂತೆ. ಈಗಿನ ವ್ಯಂಗ್ಯಚಿತ್ರಕಾರರು ಇದನ್ನು ಪುರಾಣದಂತೆ ಓದಿಕೊಳ್ಳಬೇಕು.

ಒಂದು ತಕರಾರನ್ನೂ ಹೇಳಿಬಿಡುತ್ತೇನೆ. ಈ ಶ್ರೀಸಾಮಾನ್ಯ ಪೇಟೆಯ ಮಧ್ಯಮ ವರ್ಗದ ಗಂಡಸು. ಸೂಡು ಹೊತ್ತು ಗದ್ದೆ ಅಂಚಿನಲ್ಲಿ ನಡೆಯುವ ಬಸರೀಕಟ್ಟೆಯ ಹೆಂಗಸು, ಮರ ಹತ್ತುವ ಕೊನೆಗಾರ ಅವನಲ್ಲಿ ತಮ್ಮನ್ನು ಕಂಡುಕೊಳ್ಳುವುದು ಕಷ್ಟ. ಮಾಲ್ಗುಡಿಯ ಚಿತ್ರಗಳಲ್ಲಿ ಈ ಇಕ್ಕಟ್ಟಿಲ್ಲ. ಅಲ್ಲಿ ಭಿಕ್ಷುಕನೂ ಜ್ಯೋತಿಷಿಯೂ ಅಜ್ಜಿಯೂ ಆಡೂ ಒಂದೇ ಬೀದಿಯಲ್ಲಿ ತಿರುಗುತ್ತಾರೆ.

ಶ್ರೀಸಾಮಾನ್ಯನಿಗೆ ಪುಣೆಯಲ್ಲಿ 2001ರಲ್ಲಿ ಪ್ರತಿಮೆಯಾಯಿತು. ಟೈಮ್ಸ್‌ಗೆ ನೂರೈವತ್ತು ತುಂಬಿದ 1988ರಲ್ಲಿ ಅಂಚೆಚೀಟಿಯ ಮೇಲೂ ಬಂದಿದ್ದ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಅಗ್ಗದ ದರದ ಏರ್ ಡೆಕ್ಕನ್ ವಿಮಾನ ಹಾರಿಸಿದಾಗ ಅದರ ಗುರುತಾಗಿ ಆರಿಸಿಕೊಂಡದ್ದೂ ಇವನನ್ನೇ. ಕೆಂಪು ಬಸ್ಸಿಗೆ ಕಾಯುತ್ತಿದ್ದವನು ವಿಮಾನ ಹತ್ತಿದ!

1951: ಇತ್ತ ಬೊಂಬಾಯಿ, ಅತ್ತ ಟೋಕಿಯೋ

ನಮ್ಮ ಹುಡುಗರು ಈಗ ಮೊಬೈಲಿನಲ್ಲಿ ಜಪಾನಿನ ಮಾಂಗಾ ಓದುತ್ತಾರೆ, ಅನಿಮೆ ನೋಡುತ್ತಾರೆ. ಕೊಪ್ಪದ ಕಾಲೇಜು ಮಕ್ಕಳ ಬೆನ್ನುಚೀಲದಲ್ಲಿ ನರುಟೊ ಸ್ಟಿಕ್ಕರು ನೋಡಿ ಹಿರಿಯರು ಹುಬ್ಬು ಏರಿಸುವುದುಂಟು. ಏರಿಸಬೇಕಿಲ್ಲ. ಗೆರೆಯ ಕಥೆಗೆ ಮನಸೋಲುವುದು ಹೊಸ ರೋಗವಲ್ಲ.

ಶ್ರೀಸಾಮಾನ್ಯ ಹುಟ್ಟಿದ 1951ರಲ್ಲೇ ಜಪಾನಿನ ಒಸಾಮು ತೆಜುಕಾ ‘ಆಟಮ್’ ಎಂಬ ಯಂತ್ರ ಬಾಲಕನನ್ನು ಮೊದಲ ಸಲ ಬರೆದರು. ಮುಂದೆ ಜಗತ್ತು ಅವನನ್ನು ‘ಆಸ್ಟ್ರೋ ಬಾಯ್’ ಎಂದು ಕರೆಯಿತು. ಲಕ್ಷ್ಮಣ್ ಟೈಮ್ಸ್ ಸೇರಿದ 1947ರಲ್ಲಿ ತೆಜುಕಾ ಅವರ ‘ಹೊಸ ನಿಧಿದ್ವೀಪ’ ಲಕ್ಷಗಟ್ಟಲೆ ಪ್ರತಿ ಖರ್ಚಾಗಿತ್ತು. ಒಬ್ಬರು ಓದಿದ್ದು ವೈದ್ಯಕೀಯ, ಇನ್ನೊಬ್ಬರು ಕಲಾವಿಭಾಗದ ಪದವಿ. ಇಬ್ಬರಿಗೂ ಚಿತ್ರ ಕಲಿಸಿದ ಶಾಲೆ ಇಲ್ಲ. ಇಬ್ಬರೂ ಯುದ್ಧ ಮುಗಿದು ಹೊಸದಾಗಿ ಎದ್ದುನಿಲ್ಲುತ್ತಿದ್ದ ದೇಶಗಳ ಪತ್ರಿಕೆಗಳಲ್ಲಿ ಬೆಳೆದರು.

ದಾರಿ ಮಾತ್ರ ಬೇರೆಯಾಯಿತು. ಜಪಾನಿನಲ್ಲಿ ಚಿತ್ರಕಥೆಗೆ ಅದರದೇ ವಾರಪತ್ರಿಕೆಗಳು ಬಂದವು. ಪತ್ರಿಕೆಯಲ್ಲಿ ಕಂತು, ಕಂತು ಕೂಡಿ ಪುಸ್ತಕ, ಪುಸ್ತಕದಿಂದ ಟಿ.ವಿ., ಟಿ.ವಿ.ಯಿಂದ ಆಟಿಕೆ. ಚಿತ್ರಗಾರನ ಕೈಕೆಳಗೆ ಸಹಾಯಕರ ಪಡೆ. ತೆಜುಕಾ ಒಟ್ಟು ಬರೆದದ್ದು ಒಂದೂವರೆ ಲಕ್ಷ ಪುಟ ಎನ್ನುತ್ತಾರೆ. 1972ರಿಂದ 1983ರವರೆಗೆ ಕಂತುಗಳಲ್ಲಿ ಬರೆದ ‘ಬುದ್ಧ’ ನಮ್ಮ ಪುಸ್ತಕದಂಗಡಿಗಳಿಗೂ ಬಂದಿದೆ.

ನಮ್ಮಲ್ಲಿ ಚಿತ್ರಗಾರನಿಗೆ ಸಿಕ್ಕಿದ್ದು ಸುದ್ದಿಪತ್ರಿಕೆಯ ಮೂಲೆಯ ಒಂದು ಚೌಕ. ಲಕ್ಷ್ಮಣ್ ಆ ಚೌಕದಲ್ಲಿ ಒಬ್ಬರೇ ಕೂತು ಬರೆದರು. ಕುಂಚ, ಕಪ್ಪು ಶಾಯಿ, ಸಹಾಯಕರಿಲ್ಲ. ಚಿತ್ರಕಥೆಯ ಪುಸ್ತಕವೇ ನಮ್ಮಲ್ಲಿ ಬರಲಿಲ್ಲವೆಂದಲ್ಲ. ಶೃಂಗೇರಿಯಿಂದ ಎಸ್.ಕೆ. ಬಾರ್ಡರ್ ದಾಟಿ ಮಾಳ ಇಳಿದರೆ ಸಿಗುವ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ‘ಅಮರ ಚಿತ್ರಕಥೆ’ ಕಟ್ಟಿದರು. ಆದರೆ ಅಲ್ಲಿ ಮಕ್ಕಳಿಗೆ ಗೊತ್ತಾದದ್ದು ‘ಅಂಕಲ್ ಪೈ’ ಹೆಸರು. ಪುಟ ತುಂಬಿಸಿದ ಚಿತ್ರಗಾರರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ?

ಪೆಟ್ಟಿಗೆ: ಜಪಾನಿನ ಗೃಹಿಣಿ
*ಶ್ರೀಸಾಮಾನ್ಯನಿಗೆ ಜಪಾನಿನಲ್ಲಿ ಜೋಡಿ ಹುಡುಕಿದರೆ ಸಿಗುವುದು ಸಜಾಎ-ಸಾನ್. ಮಾಚಿಕೊ ಹಸೆಗಾವ ಎಂಬ ಚಿತ್ರಗಾರ್ತಿ 1946ರಲ್ಲಿ ಆರಂಭಿಸಿದ, ಮುಂದೆ ಅಸಾಹಿ ಪತ್ರಿಕೆಯಲ್ಲಿ 1974ರವರೆಗೆ ನಡೆದ ನಾಲ್ಕು ಚೌಕದ ದಿನನಿತ್ಯದ ಚಿತ್ರ. ಕಥಾನಾಯಕಿ ಒಟ್ಟು ಕುಟುಂಬದ ಸಾಮಾನ್ಯ ಗೃಹಿಣಿ. ಆರು ಸಾವಿರಕ್ಕೂ ಹೆಚ್ಚು ಚಿತ್ರ ಬಂದವು. 1969ರಲ್ಲಿ ಶುರುವಾದ ಟಿ.ವಿ. ರೂಪ ಇಂದಿಗೂ ಭಾನುವಾರ ಸಂಜೆ ಬರುತ್ತದೆ. ಶ್ರೀಸಾಮಾನ್ಯನ ಬಾಯಿ ಮುಚ್ಚಿದ್ದರೆ, ಸಜಾಎ ಮಹಾ ಮಾತುಗಾತಿ.*

ಬಯಲಿನ ಊರು ಘಟ್ಟ ಹತ್ತಿತು

ಮಾಲ್ಗುಡಿ ಮಲೆನಾಡಿನ ಊರಲ್ಲ. ನಾರಾಯಣ್ ಮನಸ್ಸಿನಲ್ಲಿ ಅದೊಂದು ರೈಲು ನಿಲ್ದಾಣ ಇರುವ ಪೇಟೆ, ಪಕ್ಕದಲ್ಲಿ ಸರಯೂ ನದಿ, ದೂರದಲ್ಲಿ ಮೆಂಪಿ ಬೆಟ್ಟ. ಲಕ್ಷ್ಮಣ್ ಕಣ್ಣಿನಲ್ಲಿದ್ದದ್ದು ಮೈಸೂರಿನ ಬಿಸಿಲು. ಅವರ ಗೆರೆಗಳಲ್ಲಿ ಛತ್ರಿ ಬಿಸಿಲಿಗೆ ಬಿಡಿಸಿದ್ದು.

1986ರಲ್ಲಿ ಶಂಕರ್‌ನಾಗ್ ಅದನ್ನು ಎತ್ತಿಕೊಂಡು ಘಟ್ಟದ ತುದಿಗೆ ತಂದರು. ನಿರ್ಮಾಪಕ ಟಿ.ಎಸ್. ನರಸಿಂಹನ್, ಕ್ಯಾಮೆರಾ ಎಸ್. ರಾಮಚಂದ್ರ, ಕಲಾ ನಿರ್ದೇಶನ ಜಾನ್ ದೇವರಾಜ್. ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಅನಂತ್‌ನಾಗ್, ವಿಷ್ಣುವರ್ಧನ್ ಕೂಡ ಬಂದು ಹೋದರು. ಆಗುಂಬೆಯ ಬೀದಿಯಲ್ಲಿ ಕುದುರೆ ಏರಿದ ಬಿಳಿಯ ದೊರೆ ಫ್ರೆಡ್ರಿಕ್ ಲಾಲಿಯ ಪ್ರತಿಮೆ ಎದ್ದಿತು. ಊರಿನವರೇ ಜನಜಂಗುಳಿಯಾಗಿ ನಿಂತರು. ರೈಲು ಆಗುಂಬೆಗೆ ಬರುವಂತಿರಲಿಲ್ಲ, ಆ ದೃಶ್ಯಗಳಿಗೆ ಅರಸಾಳು ನಿಲ್ದಾಣ ಸಿಕ್ಕಿತು.

ಈ ಸೀಮೆಗೆ ಕ್ಯಾಮೆರಾ ಹೊಸದಲ್ಲ. 1970ರ ‘ಸಂಸ್ಕಾರ’ ಚಿತ್ರೀಕರಣವಾದದ್ದು ಶೃಂಗೇರಿ ಹತ್ತಿರದ ವೈಕುಂಠಪುರದಲ್ಲಿ. ಆದರೆ ‘ಸಂಸ್ಕಾರ’ ಇಲ್ಲಿಯದೇ ಕಥೆ. 1986ರಲ್ಲಿ ನಡೆದದ್ದು ಬೇರೆ. ಹೊರಗಿನ ಊರೊಂದು ಬಂದು ನಮ್ಮ ಹಂಚಿನ ಮಾಡಿನ ಕೆಳಗೆ ಬಿಡಾರ ಹೂಡಿತು.

ಬಿದಿರಿನ ಗಳಕ್ಕೆ ಕಟ್ಟಿದ ಆಂಟೆನಾ ಗಾಳಿಗೆ ತಿರುಗಿ ಚಿತ್ರ ಹೋದಾಗ, “ಬಂತಾ? ಬಂತಾ?” ಎಂದು ಮಾಡಿನ ಮೇಲಿಂದ ಕೂಗುತ್ತಿದ್ದ ಕಾಲ ಅದು. ಟಿ.ವಿ. ಇರುವ ಮನೆಯ ಜಗಲಿ ತುಂಬುತ್ತಿತ್ತು. ಮಾತು ಹಿಂದಿ, ಅರ್ಧ ಜನರಿಗೆ ತಿಳಿಯುತ್ತಿರಲಿಲ್ಲ. ಗೆರೆ ತಿಳಿಯುತ್ತಿತ್ತು. ಲಕ್ಷ್ಮಣ್ ಬರೆದ ಊರು ತೆರೆಯ ಮೇಲೆ ಮೂಡಿ, ಅದರ ಹಿಂದೆಯೇ ನಮ್ಮ ಚಾವಡಿ, ನಮ್ಮ ಮುಂಡಿಗೆ, ನಮ್ಮ ಅಂಗಳ ಬರುವಾಗ ಎರಡೂ ಒಂದೇ ಊರೆಂದು ನಂಬದೆ ಇರುವುದು ಹೇಗೆ? ಬಯಲಿನ ಗೆರೆಗೂ ಮಲೆನಾಡಿನ ಮಣ್ಣಿಗೂ ಬೆಸುಗೆ ಬಿದ್ದದ್ದು ಆ ಶೀರ್ಷಿಕೆಯ ಕ್ಷಣಗಳಲ್ಲಿ.

ಅಣ್ಣತಮ್ಮಂದಿರಿಗೆ ಕರ್ನಾಟಕ ಸುತ್ತಿದ ಅನುಭವ ಮೊದಲೇ ಇತ್ತು. ರಾಜ್ಯ ಸರ್ಕಾರ 1977ರಲ್ಲಿ ಪ್ರಕಟಿಸಿದ ‘ದಿ ಎಮರಾಲ್ಡ್ ರೂಟ್’ ಎಂಬ ಕರ್ನಾಟಕ ಪ್ರವಾಸದ ಪುಸ್ತಕಕ್ಕೆ ಬರಹ ನಾರಾಯಣ್ ಅವರದು, ಚಿತ್ರ ಲಕ್ಷ್ಮಣ್ ಅವರದು. ದೇವತೆ, ರಾಕ್ಷಸ, ಋಷಿಗಳ ಕಥೆ ಹೇಳುವ 1964ರ ‘ಗಾಡ್ಸ್, ಡೀಮನ್ಸ್ ಅಂಡ್ ಅದರ್ಸ್’ ಪುಸ್ತಕದ ಅಲಂಕಾರವೂ ತಮ್ಮನದೇ. ‘ಗ್ರ್ಯಾಂಡ್‌ಮದರ್ಸ್ ಟೇಲ್’ ಬರುವ ಹೊತ್ತಿಗೆ ಅಣ್ಣನಿಗೆ ಎಂಬತ್ತು ದಾಟಿತ್ತು, ತಮ್ಮನಿಗೆ ಎಪ್ಪತ್ತು. ಆಗಲೂ ಇದೇ ಜೋಡಿ. ಅರ್ಧ ಶತಮಾನ ಮೀರಿ ಹೀಗೆ ಒಂದೇ ಊರನ್ನು ಇಬ್ಬರು ಕಟ್ಟಿದ ಉದಾಹರಣೆ ನಮ್ಮ ಸಾಹಿತ್ಯದಲ್ಲಿ ನನಗೆ ಬೇರೆ ಕಾಣುವುದಿಲ್ಲ.

ಪೆಟ್ಟಿಗೆ: ಕಾಗೆ
*ಲಕ್ಷ್ಮಣ್ ಅತಿ ಹೆಚ್ಚು ಪ್ರೀತಿಸಿ ಬರೆದದ್ದು ಯಾವ ನಾಯಕನನ್ನೂ ಅಲ್ಲ, ಕಾಗೆಯನ್ನು. ಮೈಸೂರಿನ ಮನೆಯಂಗಳದಲ್ಲಿ ಹುಡುಗನಿದ್ದಾಗಲೇ ಹಿಡಿದ ಗೀಳು. ಹಸಿರು ಮರ, ನೀಲಿ ಆಕಾಶ, ಕೆಂಪು ಮಣ್ಣು ಯಾವುದರ ಮೇಲೆ ಕೂತರೂ ಎದ್ದು ಕಾಣುವ ಹಕ್ಕಿ ಎನ್ನುತ್ತಿದ್ದರು. ಕಾಗೆಗಳದೇ ಪ್ರದರ್ಶನ ಮಾಡಿದರು. ಪಿತೃಪಕ್ಷದಲ್ಲಿ ಮಾತ್ರ ಕಾಗೆಗೆ ಮರ್ಯಾದೆ ಕೊಡುವ ನಾವು ಅವನ್ನೊಮ್ಮೆ ನೋಡಬೇಕು.*

ಕೈ ನಿಲ್ಲಲಿಲ್ಲ

ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ 1983ರಲ್ಲಿ, ಮ್ಯಾಗ್ಸೆಸೆ 1984ರಲ್ಲಿ, ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ 2004ರಲ್ಲಿ, ಪದ್ಮವಿಭೂಷಣ 2005ರಲ್ಲಿ. ನಡುವೆ ‘ದಿ ಹೋಟೆಲ್ ರಿವಿಯೇರಾ’, ‘ದಿ ಮೆಸೆಂಜರ್’ ಎಂಬ ಎರಡು ಕಾದಂಬರಿ, 1998ರಲ್ಲಿ ‘ದಿ ಟನೆಲ್ ಆಫ್ ಟೈಮ್’ ಎಂಬ ಆತ್ಮಕಥೆ. ಕಾದಂಬರಿಗಳನ್ನು ಯಾರೂ ಹೆಚ್ಚು ನೆನೆಯುವುದಿಲ್ಲ, ಅದರಲ್ಲಿ ಅನ್ಯಾಯವೇನೂ ಇಲ್ಲ. ಆತ್ಮಕಥೆ ಓದಲೇಬೇಕಾದದ್ದು.

2003ರಲ್ಲಿ ಪಾರ್ಶ್ವವಾಯು ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಬಲಗೈ ಉಳಿದಿತ್ತು, ಬರೆಯುತ್ತಲೇ ಇದ್ದರು. 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಪ್ರಾಯ 93. ದೇಶದ ಪ್ರಜೆಯನ್ನು ದಿನಾ ಬರೆದವರು ಗಣರಾಜ್ಯದ ದಿನವೇ ಹೋದರು.

ಹೆಸರು ಎಲ್ಲಿಡೋಣ?

ಜಪಾನಿನ ಪಶ್ಚಿಮ ಕರಾವಳಿಯಲ್ಲಿ ಸಾಕಾಯಿಮಿನಾಟೊ ಎಂಬ ಮೀನುಗಾರರ ಊರಿದೆ. ಶಿಗೆರು ಮಿಜುಕಿ ಎಂಬ ಮಾಂಗಾ ಕಲಾವಿದ ಬೆಳೆದ ಊರು. ಯುದ್ಧದಲ್ಲಿ ಎಡಗೈ ಕಳೆದುಕೊಂಡು ಬಂದು, ಒಂದೇ ಕೈಯಲ್ಲಿ ಜಪಾನಿನ ಭೂತ ಪಿಶಾಚಿಗಳನ್ನೆಲ್ಲ ಬರೆದವರು ಅವರು. ಬಾಲ್ಯದಲ್ಲಿ ಆ ಕಥೆಗಳನ್ನು ಹೇಳಿದ್ದು ನೆರೆಯ ಮುದುಕಿ. ಪಂಜುರ್ಲಿ, ಚೌಡಿಯ ಕಥೆ ಕೇಳಿ ಹೊದಿಕೆ ಎಳೆದುಕೊಂಡವರಿಗೆ ಇದು ಅರ್ಥವಾಗುತ್ತದೆ. ಆ ಊರು 1993ರಲ್ಲಿ ಪೇಟೆಬೀದಿಯಲ್ಲಿ ಮಿಜುಕಿಯ ಭೂತಗಳ ಕಂಚಿನ ಬೊಂಬೆ ನಿಲ್ಲಿಸಲು ಆರಂಭಿಸಿತು. ಈಗ ನೂರೆಪ್ಪತ್ತಕ್ಕೂ ಹೆಚ್ಚು ಬೊಂಬೆಗಳಿವೆ. 2003ರಲ್ಲಿ ಸಂಗ್ರಹಾಲಯವೂ ಬಂತು. ರೈಲಿನ ಮೈಮೇಲೂ ಅವರ ಚಿತ್ರ. ಬಾಗಿಲು ಮುಚ್ಚುತ್ತಿದ್ದ ಪೇಟೆಗೆ ಪ್ರವಾಸಿಗರು ಬರತೊಡಗಿದರು.

ನಮ್ಮಲ್ಲಿ ಏನೂ ಆಗಿಲ್ಲವೆಂದು ಗೋಳಾಡುವುದು ಸುಳ್ಳಾದೀತು. ಮೈಸೂರಿನ ಯಾದವಗಿರಿಯಲ್ಲಿ ಕೆಡವಲು ಹೊರಟಿದ್ದ ನಾರಾಯಣ್ ಮನೆ ಉಳಿದು, 2016ರಲ್ಲಿ ಸ್ಮಾರಕವಾಯಿತು. ಅರಸಾಳು ನಿಲ್ದಾಣದ ಹಳೆಯ ಕಟ್ಟಡ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಬೆಂಗಳೂರಿನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ 2007ರಿಂದ ನಡೆಯುತ್ತಿದೆ. ಲಕ್ಷ್ಮಣ್ ಹೆಸರಿನ ಸಂಗ್ರಹಾಲಯ ತೆರೆದದ್ದು ಮಾತ್ರ ಪುಣೆಯಲ್ಲಿ, 2022ರಲ್ಲಿ. ಅವರು ಕೊನೆಗಾಲ ಕಳೆದ ಊರು, ಸರಿಯೇ. ಹುಟ್ಟಿದ ರಾಜ್ಯಕ್ಕೂ, ಅವರ ಗೆರೆಗೆ ಮನೆ ಕೊಟ್ಟ ಈ ಘಟ್ಟದ ತುದಿಗೂ ಸ್ವಲ್ಪ ಪಾಲು ಬರಬೇಕು.

ಕಂಚಿನ ಬೊಂಬೆ ಬೇಡ. ನಮ್ಮ ಮಳೆಗೆ ಅದರ ಮೇಲೆ ಪಾಚಿ ಹತ್ತುತ್ತದೆ, ಆಮೇಲೆ ಉದ್ಘಾಟನೆ ಮಾಡಿದವರ ಹೆಸರೊಂದೇ ಓದಲು ಸಿಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಗ್ರಂಥಾಲಯಗಳಲ್ಲಿ ಲಕ್ಷ್ಮಣ್ ಚಿತ್ರಗಳಿರುವ ನಾರಾಯಣ್ ಪುಸ್ತಕಗಳನ್ನು ಮಕ್ಕಳ ಕೈಗೆಟಕುವ ಕಪಾಟಿನಲ್ಲಿಡಲಿ. ಕೊರವಂಜಿಯ ಹಳೆಯ ಸಂಚಿಕೆಗಳು ಯಾರ ಅಟ್ಟದ ಮೇಲಾದರೂ ಇದ್ದರೆ ಕೆಳಗಿಳಿಸಿ, ಗೆದ್ದಲು ಮುಟ್ಟುವ ಮೊದಲು ಗ್ರಂಥಾಲಯಕ್ಕೆ ಕೊಡಿ. ಮಾಲ್ಗುಡಿ ನೋಡಲು ಬರುವವರಿಗೆ ದಾರಿ ತೋರಿಸುವ ಹೋಮ್‌ಸ್ಟೇಯವರು ಗೋಡೆಯ ಮೇಲೆ ಚಿತ್ರಗಾರನ ಹೆಸರನ್ನೂ ಬರೆಸಲಿ. ಊರಿನ ಹೆಸರನ್ನೇ ತಮ್ಮ ಹೆಸರಿಗೆ ಜೋಡಿಸಿಕೊಂಡ ರಘುಪತಿ ಶೃಂಗೇರಿಯಂಥ ವ್ಯಂಗ್ಯಚಿತ್ರಕಾರರು ಇರುವಾಗ, ನಮ್ಮ ಶಾಲೆಗಳಿಗೆ ಅವರನ್ನು ಒಮ್ಮೆ ಕರೆಸಿ ಮಕ್ಕಳ ಮುಂದೆ ಬರೆಸುವುದು ದೊಡ್ಡ ಖರ್ಚಿನ ಮಾತಲ್ಲ.

ಮತ್ತೆ, ಮೇಷ್ಟ್ರುಗಳಲ್ಲಿ ಒಂದು ಅರಿಕೆ. ಅಕ್ಟೋಬರ್ 24 ಬರುವುದು ಸರಿಯಾಗಿ ಚಿತ್ತಾ ಮುಗಿದು ಸ್ವಾತಿ ಹಿಡಿಯುವ ಹೊತ್ತಿಗೆ. ಆ ದಿನ ಒಂದು ಪಿರಿಯಡ್ ಬಿಟ್ಟುಕೊಡಿ. ಮಕ್ಕಳಿಗೆ ಕಾಗದ ಕೊಟ್ಟು ಹೊರಗೆ ಕೂರಿಸಿ, ಕಂಡ ಕಾಗೆಯನ್ನೋ ಎಲೆಯನ್ನೋ ಮೇಷ್ಟ್ರನ್ನೋ ಬರೆಯಲಿ. ಅಂಕ ಮಾತ್ರ ಕೊಡಬೇಡಿ.